ಕೌಬಾಯ್ ಬಿಬಾಪ್: ಸ್ಪೈಕ್–ವಿಷಸ್ ಕಥೆಯ ಐದೇ ಎಪಿಸೋಡ್ ನೋಡಿದ್ರೆ ಸಾಕಾ? (ಸ್ಪಾಯ್ಲರ್ ಇದೆ, ಹುಷಾರು)

ಬೈಟೂ ಕಾಫಿ:
ಆಫೀಸಿನಲ್ಲಿ ಪಕ್ಕದ ಸೀಟಿನವರದ್ದು ದಿನಾ ಒಂದೇ ರಾಗ, ಕೌಬಾಯ್ ಬಿಬಾಪ್ ಅನ್ನೋ ಜಪಾನಿ ಅನಿಮೆ (ಕಾರ್ಟೂನ್ ಸರಣಿ) ಇನ್ನೂ ನೋಡಿಲ್ವಾ ಅಂತ. ಕಾಟ ತಡೀಲಾರದೆ ಶುರು ಮಾಡಿದೆ, ನಾಲ್ಕು ಎಪಿಸೋಡ್ ಮುಗೀತು. ಚೆನ್ನಾಗಿಲ್ಲ ಅನ್ನಲ್ಲ. ಚಿತ್ರ ಸೂಪರ್, ಮ್ಯೂಸಿಕ್ ಸೂಪರ್. ಆದ್ರೆ ಕಥೆ ಅನ್ನೋದು ಇದ್ದಲ್ಲೇ ಇದೆ. ಸ್ಪೈಕ್, ಜೆಟ್ ಅನ್ನೋ ಬೇಟೆಗಾರರು ಅಂತರಿಕ್ಷದಲ್ಲಿ ತಲೆಗೆ ಬಹುಮಾನ ಇರೋ ಒಬ್ಬ ಕಳ್ಳನ ಹಿಂದೆ ಬೀಳ್ತಾರೆ, ಅವನು ಸಾಯ್ತಾನೆ ಇಲ್ಲಾ ಪೊಲೀಸರ ಕೈಗೆ ಹೋಗ್ತಾನೆ, ಇವರಿಗೆ ಬಿಡಿಗಾಸು ಇಲ್ಲ, ಮುಂದಿನ ವಾರ ಮತ್ತೆ ಅದೇ. ಒಂದು ಕಡೆ ಪಟ್ಟಿ ಸಿಕ್ತು: 5, 12, 13, 25, 26. ಇಷ್ಟೇ ಮುಖ್ಯ ಕಥೆ, ಉಳಿದ 21 ಫಿಲ್ಲರ್, ಸುಮ್ನೆ ಜಾಗ ತುಂಬೋಕೆ ಹಾಕಿದ್ದು ಅಂತೆ. ಈ ಐದು ನೋಡಿ ಮುಗಿಸಿಬಿಡಲಾ? ಏನಾದ್ರೂ ಕಳ್ಕೋತೀನಾ?

ಸುಮ್ನೆ ಬಂದೆ:
ಧಾರಾಳವಾಗಿ. ನಾನು ನೋಡಿದ್ದೇ ಹಾಗೆ. ಒಂದೇ ರಾತ್ರೀಲಿ ಮುಗೀತು. ಕೊನೇ ಎಪಿಸೋಡ್ ಅಂತೂ ಬೆಂಕಿ. ಸ್ಪೈಕ್ ಹಿಂದೆ ಮಾಫಿಯಾ ಥರದ ಸಿಂಡಿಕೇಟ್‌ನಲ್ಲಿದ್ದ, ವಿಷಸ್ ಆಗ ಅವನ ಗೆಳೆಯ, ಈಗ ವೈರಿ, ನಡುವೆ ಜೂಲಿಯಾ ಅನ್ನೋ ಹೆಣ್ಣು. ಇಷ್ಟು ಗೊತ್ತಿದ್ರೆ ಸಾಕು.

ಗಗನಚುಕ್ಕಿ:
ಅಯ್ಯೋ, ಬೇಡ ಗುರು! ಮೊದಲು ಒಂದು ಹಳೇ ಸಂಗತಿ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

1998ರಲ್ಲಿ ಈ ಸರಣಿ ಜಪಾನಿನಲ್ಲೇ ಮೊದಲ ಸಲ ಪ್ರಸಾರವಾದಾಗ ಅಲ್ಲಿನ ಜನ ಏನು ನೋಡಿದ್ರು ಗೊತ್ತಾ? ಟೀವಿ ಟೋಕಿಯೋ ಚಾನೆಲ್‌ನವರು ಏಪ್ರಿಲ್ 3ರಿಂದ ಜೂನ್ 26ರವರೆಗೆ ಸಂಜೆ ಹೊತ್ತಿನಲ್ಲಿ ಹಾಕಿದ್ದು 26ರಲ್ಲಿ 12 ಮಾತ್ರ. ಯಾವ ಹನ್ನೆರಡು? 2, 3, 7ರಿಂದ 15ರ ತನಕ, ಆಮೇಲೆ 18. ಅಂದ್ರೆ ಮೊದಲನೇ ಎಪಿಸೋಡೇ ಇಲ್ಲ. ಚರ್ಚ್‌ನಲ್ಲಿ ಗುಂಡಿನ ಕಾಳಗ ನಡೆಯೋ 5 ಇಲ್ಲ. ಕೊನೇ ಎರಡೂ ಇಲ್ಲ. ರಕ್ತಪಾತ, ಡ್ರಗ್ಸ್ ಇರೋದನ್ನೆಲ್ಲ ಸಂಜೆ ಹೊತ್ತು ಹಾಕೋಕೆ ಚಾನೆಲ್‌ಗೆ ಅಳುಕಿತ್ತು. ನಿಮ್ಮ ಪಟ್ಟಿಯ ಐದರಲ್ಲಿ ಅವರ ಪಾಲಿಗೆ ಬಂದದ್ದು 12, 13 ಎರಡೇ. ವಿಷಸ್ ಯಾರು, ಇವರಿಬ್ಬರಿಗೂ ಯಾಕೆ ಹಗೆ ಅಂತ ತಲೆಬುಡ ಗೊತ್ತಿಲ್ಲದೆ ಗುರುಗ್ರಹದ ಉಪಗ್ರಹ ಕ್ಯಾಲಿಸ್ಟೋದ ಹಿಮದಲ್ಲಿ ನಡೆಯೋ ಕಥೆ ನೋಡಿದವರ ಪಾಡು ಊಹಿಸಿ!

13ನೇ ವಾರಕ್ಕೆ ಹಳೇ ತುಣುಕುಗಳನ್ನೆಲ್ಲ ಹೊಲಿದು ಒಂದು ವಿಶೇಷ ಕಂತು ಮಾಡಿ ಹಾಕಿದ್ರು. ಇದು ಮುಕ್ತಾಯ ಅಲ್ಲ, ಅಸಲಿ ಬಿಬಾಪ್ ಮುಂದೊಂದು ದಿನ ನೋಡ್ತೀರಿ ಅಂತ ಪರದೆ ಮೇಲೆ ಬರೆದು ಬಾಗಿಲು ಹಾಕಿಕೊಂಡ್ರು. ಪೂರ್ತಿ 26 ಬಂದದ್ದು ವಾವೌ ಅನ್ನೋ ಪೇ ಚಾನೆಲ್‌ನಲ್ಲಿ, ಆ ವರ್ಷದ ಅಕ್ಟೋಬರ್ 24ರಿಂದ 1999ರ ಏಪ್ರಿಲ್ 24ರವರೆಗೆ.

ನನ್ನ ವಾದ ಇಷ್ಟೇ. ಯಾವುದನ್ನ ಫಿಲ್ಲರ್ ಅಂತೀರೋ ಅದನ್ನೇ ಹೆಚ್ಚಾಗಿ ನೋಡಿದ ಜನಕ್ಕೂ ಇದು ಬೇರೇನೋ ಅಂತ ಅನ್ನಿಸಿತ್ತು. ಅಷ್ಟಕ್ಕೂ ಫಿಲ್ಲರ್ ಹುಟ್ಟೋದು ಮಂಗಾ (ಜಪಾನಿ ಕಾಮಿಕ್ಸ್) ಮುಂದೆ ಹೋಗದೆ ಅನಿಮೆ ಕಾಯಬೇಕಾದಾಗ. ಇದಕ್ಕೆ ಮೂಲ ಮಂಗಾನೇ ಇಲ್ಲ. ನಿರ್ದೇಶಕ ಶಿನಿಚಿರೋ ವಾಟನಬೆ, ಕಥೆಯ ಹೊಣೆ ಹೊತ್ತ ಕೇಕೋ ನೊಬುಮೊಟೊ, ಸನ್‌ರೈಸ್ ಸ್ಟುಡಿಯೋದವರು ಸೇರಿ ಹೊಸದಾಗಿ ಕಟ್ಟಿದ್ದು. ಯಾವ ಎಪಿಸೋಡೂ ಹೊಟ್ಟೆ ತುಂಬಿಸೋಕೆ ಹಾಕಿದ್ದಲ್ಲ.

ಫೇಡೆ ಪ್ರಿಯ:
ಹೊಟ್ಟಿ ಅಂದ್ರಲ್ಲ, ನಾ ಅದನ್ನ ಹಿಡದೇ ಹೇಳ್ತೀನಿ.

ತಮ್ಮಾ, ಒಂದನೇ ಎಪಿಸೋಡ್ ನೋಡೀರಲ್ಲ? ಜೆಟ್ ಅಡಿಗಿ ಮಾಡಿರ್ತಾನ. ದೊಣ್ಣ ಮೆಣಸಿನಕಾಯಿ ಮತ್ತ ಬೀಫ್ ಅಂತ ದೊಡ್ಡದಾಗಿ ಹೇಳ್ತಾನ. ತಾಟಿನ್ಯಾಗ ನೋಡಿದ್ರ ಬರೇ ಮೆಣಸಿನಕಾಯಿ. ಬೀಫ್ ಎಲ್ಲೈತಿ ಅಂತ ಸ್ಪೈಕ್ ಕೇಳ್ತಾನ, ಬೀಫ್ ಇಲ್ಲಂದ್ರ ಅದಕ್ಕ ಹಂಗ ಹೆಂಗ ಅಂತಿ ಅಂತ ಜಗಳ ತಗೀತಾನ. ರೊಕ್ಕ ಇಲ್ದಾಗ ಹಂಗ ಅಂತಾರ ಅಂತ ಜೆಟ್‌ನ ಜವಾಬು. ನಿಮಗ ಸ್ಪೈಕ್ ಯಾರು, ಜೆಟ್ ಯಾರು, ಅವರ ಹಡಗ ಎಂಥಾದ್ದು ಅನ್ನೋದು ಅಷ್ಟರಾಗ ಗೊತ್ತಾತು. ಆ ಬಿಬಾಪ್ ಹಡಗ ಮೊದಲ ಮೀನು ಹಿಡಿಯೋ ಹಡಗ ಇತ್ತು, ಅದೂ ನೆನಪಿರ್ಲಿ. ಊರು ಉದ್ಧಾರ ಮಾಡೋ ವೀರರು ಅಲ್ಲಿಲ್ಲ, ಬಾಡಿಗಿ ಕಟ್ಟಲಿಕ್ಕಾಗದ ಮಂದಿ ಅದಾರ.

ಹನ್ನೊಂದರಾಗ ಫ್ರಿಜ್ಜಿನ ಕಥಿ. ಹದಿನೇಳರಾಗ ತಿನ್ನಾಕ ಏನೂ ಇಲ್ದ ಅಣಬಿ ತಿಂದು ತಲಿ ತಿರಗ್ತಾವ, ಜೆಟ್ ತನ್ನ ಬೋನ್ಸಾಯ್ ಗಿಡದ ಕೂಡ ವೇದಾಂತ ಮಾತಾಡ್ತಾನ. ಇವೆಲ್ಲಾ ನಕ್ಕು ಬಿಡೂವಂಥಾವು ಅಂತ ನಾನೂ ಅಂದ್ಕೊಂಡಿದ್ದೆ. ಆಮ್ಯಾಲ 24 ಬರ್ತದ.

ಎಡ್ ಹುಡುಗಿ ಹಡಗ ಬಿಟ್ಟು ಹೋಗ್ಯಾಳ, ನಾಯಿ ಐನ್ ಆಕೀ ಹಿಂದ ಹೋಗೇತಿ, ಹಡಗಿನ ಇನ್ನೊಬ್ಬ ಹೆಣ್ಮಗಳು ಫೇನೂ ಇಲ್ಲ. ಟೇಬಲ್ ಮ್ಯಾಲ ಎಲ್ಲಾರ ಪಾಲಿನ ಕುದಿಸಿದ ತತ್ತಿ ಇಟ್ಟಾವ. ಸ್ಪೈಕ್ ಮತ್ತ ಜೆಟ್ ಇಬ್ರ ಕುಂತಾರ. ಒಂದ್ ಮಾತಿಲ್ಲ. ಸಿಪ್ಪಿ ಸುಲೀತಾರ, ಬಾಯಾಗ ತುರಕ್ತಾರ, ಮತ್ತೊಂದ್ ಸುಲೀತಾರ. ಹೋದವರ ಪಾಲಿಂದೂ ತಾವ ತಿಂತಾರ, ಸಿಟ್ಟಿನಿಂದ ತಿಂದಂಗ ಗಬಗಬ ತಿಂತಾರ. ಯಾರೂ ಅಳೂದಿಲ್ಲ, ಯಾರೂ 'ಹೋದ್ರಲ್ಲೋ' ಅನ್ನೂದಿಲ್ಲ. ಮೆಣಸಿನಕಾಯಿ ಜಗಳ ನೋಡಿದವರಿಗೆ ಮಾತ್ರ ಈ ತತ್ತಿ ಗಂಟಲಾಗ ಸಿಗಬೀಳ್ತಾವ. ನಿಮ್ಮ ಐದರ ಪಟ್ಟಿಯೊಳಗ ಇದು ಇಲ್ಲ ನೋಡ್ರಿ.

ಬೈಟೂ ಕಾಫಿ:
ಎಡ್ ಹುಡುಗೀನಾ?? ನಾನಿನ್ನೂ ಎಡ್ ಬರೋ ತನಕ ಬಂದೇ ಇಲ್ಲ ಸರ್ 😄 ಇರ್ಲಿ, ಸ್ಪಾಯ್ಲರ್ ಅಂತ ನಾನೇ ಬರೆದದ್ದು.

ಕಡಲ ಕರೆ:
ನಾನು ಮಂಗಳೂರಿನವ, ಸಂಗೀತದ ಕಡೆಯಿಂದ ಎರಡು ಮಾತು ಹೇಳ್ತೇನೆ.

ಕಛೇರಿಯಲ್ಲಿ ತನಿ ಆವರ್ತನ ಶುರುವಾದ ಕೂಡಲೇ ಕ್ಯಾಂಟೀನಿಗೆ ಎದ್ದು ಹೋಗುವ ಒಂದು ವರ್ಗ ಉಂಟಲ್ಲ, ಈ ಐದರ ಪಟ್ಟಿ ಮಾಡಿದವರು ಆ ಪೈಕಿಯವರು ಮಾರಾಯ್ರೆ. ಹಾಡು ಮುಗಿಯಿತು, ಇನ್ನು ಮೃದಂಗದವನ ಪಾಡು ಅವನಿಗೆ ಅಂತ. ಬಿಬಾಪ್ ಜಾಝ್‌ನಲ್ಲಿಯೂ ಹಾಗೆ, ರಾಗದ ಮುಖ ಮೊದಲಲ್ಲಿ ಒಮ್ಮೆ ತೋರಿಸ್ತಾರೆ, ಕೊನೆಯಲ್ಲಿ ಒಮ್ಮೆ. ನಡುವೆ ಒಬ್ಬೊಬ್ಬನೂ ಸರದಿಯಲ್ಲಿ ನುಡಿಸುವುದು. ಕೇಳುವವರು ಬರುವುದೇ ಆ ನಡುವಿನದ್ದಕ್ಕೆ.

ಇದು ನನ್ನ ಕಲ್ಪನೆ ಅಲ್ಲ. ಶುರುವಿನ 'ಟ್ಯಾಂಕ್' ಹಾಡಿನ ಹಿಂದೆ ಸಣ್ಣ ಅಕ್ಷರಗಳು ಓಡ್ತವೆ, ಒಮ್ಮೆ ನಿಲ್ಲಿಸಿ ಓದಿ. 1941ರ ನ್ಯೂಯಾರ್ಕ್, ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್ ಕ್ಲಬ್, ಅಲ್ಲಿ ರಾತ್ರಿ ರಾತ್ರಿ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ನುಡಿಸ್ತಿದ್ದದ್ದು, ಅದನ್ನೇ ಬರೆದಿದ್ದಾರೆ. ಸರಣಿಯವರು ತಮ್ಮ ಕಂತುಗಳನ್ನು ಎಪಿಸೋಡ್ ಅನ್ನದೆ ಸೆಷನ್ ಅಂತ ಕರೆದದ್ದೂ ಅದೇ ಲೆಕ್ಕಕ್ಕೆ.

ಸರಣಿಗೆ ಸಂಗೀತ ಕೊಟ್ಟ ಯೋಕೋ ಕಾನ್ನೋ ಅವರ ವಿಷಯ ಕೇಳಿ. ಸಾಧಾರಣವಾಗಿ ದೃಶ್ಯ ಇಂತಿಂಥದ್ದು ಅಂತ ಹೇಳಿದ ಮೇಲೆ ಸಂಗೀತದವರು ಕೆಲಸ ಶುರು ಮಾಡುವುದು. ಇವರು ಕೇಳದ ಟ್ಯೂನ್‌ಗಳನ್ನೂ ಮಾಡಿ ಕೊಟ್ಟರು. ವಾಟನಬೆ ಅದನ್ನು ಕೇಳಿ ಅದಕ್ಕೆ ತಕ್ಕ ಹಾಗೆ ದೃಶ್ಯ ಹುಟ್ಟಿಸಿದ್ದುಂಟು. ಬ್ಯಾಂಡಿನ ಹೆಸರು ಸೀಟ್‌ಬೆಲ್ಟ್ಸ್. 5ರಲ್ಲಿ ಸ್ಪೈಕ್ ಬಣ್ಣದ ಗಾಜು ಒಡೆದು ಕೆಳಗೆ ಬೀಳುವಾಗ ಮಕ್ಕಳ ದನಿಯ ಹಾಡು ಬರ್ತದೆ, ಗುಂಡಿನ ಸದ್ದು ಪೂರಾ ನಿಂತು. ಅದು ಪಟ್ಟಿಯಲ್ಲಿ ಉಂಟು, ಸರಿ. ಆದರೆ 11ರಲ್ಲಿ ಚೈಕೋವ್‌ಸ್ಕಿಯ ವಾಲ್ಟ್ಝ್ ಹಾಕಿ ಒಂದು ಹಳಸಿದ ಫ್ರಿಜ್ಜನ್ನು ಬಾಹ್ಯಾಕಾಶಕ್ಕೆ ದೂಡ್ತಾರಲ್ಲ, ಆ ಧೈರ್ಯ ಯಾರಿಗುಂಟು?

ಸುಮ್ನೆ ಬಂದೆ:
ಸರಿ ಸರಿ, ಎಲ್ಲರೂ ಸೇರಿ ನನ್ನ ಮೇಲೆ ಬೀಳ್ಬೇಡಿ. ಒಂದು ಮಾತು ಕೇಳ್ತೀನಿ. 17 ನಿಜವಾಗ್ಲೂ ಬೇಕಾ? 22? ಕುದುರೆ ಮೇಲೆ ಬರೋ ಆ ಆಂಡಿ? ನಾನು ಆಮೇಲೆ ಕೆಲವು ನೋಡಿದೆ, ಸುಳ್ಳಲ್ಲ. ತಮಾಷೆ ಇದೆ. ಆದ್ರೆ ಅದು ಇಲ್ದಿದ್ರೆ ಕಥೆಗೆ ಏನೂ ಆಗಲ್ಲ.

ಗಗನಚುಕ್ಕಿ:
22 ನನ್ನ ಅಚ್ಚುಮೆಚ್ಚು, ಅದಕ್ಕೆ ಕೈ ಹಾಕಬೇಡಿ 😡

ಅದರಲ್ಲಿ ಟೆಡ್ಡಿ ಬಾಂಬರ್ ಅನ್ನೋನು ಗೊಂಬೆ ಕರಡಿಯಲ್ಲಿ ಬಾಂಬಿಟ್ಟು ದೊಡ್ಡ ದೊಡ್ಡ ಕಟ್ಟಡ ಉರುಳಿಸ್ತಾನೆ. ಅವನ ಹತ್ತಿರ ಅದಕ್ಕೊಂದು ಸಿದ್ಧಾಂತ ಇದೆ, ಭಾಷಣ ತಯಾರಿದೆ. ಬಾಯಿ ತೆರೆದಾಗೆಲ್ಲ ಸ್ಪೈಕ್ ಮತ್ತು ಅವನ ಹಾಗೇ ಬೇಟೆಗಾರನಾದ ಆಂಡಿ ತಮ್ಮಲ್ಲೇ ಕಚ್ಚಾಡ್ತಾ ಇರ್ತಾರೆ, ಕೇಳೋರೇ ಇಲ್ಲ. ಬೇರೆ ಯಾವ ಸರಣಿಯಾಗಿದ್ರೂ ಖಳನ ಸಿದ್ಧಾಂತಕ್ಕೆ ಹತ್ತು ನಿಮಿಷ ಕೊಡ್ತಿದ್ರು. ಇಲ್ಲಿ ಬಹುಮಾನ ಬೇಟೆಗಾರರಿಗೆ ಅದು ಬೇಕಾಗಿಲ್ಲ, ಅವರಿಗೆ ಬೇಕಾದದ್ದು ವೂಲಾಂಗು, ಅಂದ್ರೆ ಅಲ್ಲಿನ ದುಡ್ಡು. ಇದೂ ಆ ಲೋಕದ ಬಗ್ಗೆ ಹೇಳೋ ಒಂದು ರೀತಿ.

20ಕ್ಕೆ ಬನ್ನಿ. ಟಾಂಗ್‌ಪೂ ಅನ್ನೋ ಕೊಲೆಗಾರ, ಗುಂಡು ತಾಗಲ್ಲ, ನಗ್ತಾ ನಗ್ತಾ ಕೊಲ್ತಾನೆ. ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಸ್ಪೈಕ್ ಎಸೆದ ಚಾಕು ಅವನ ತೊಡೆಗೆ ನಾಟುತ್ತೆ. ಅಷ್ಟೇ, ಎರಡು ವರ್ಷದ ಕೂಸು ಆಗಿ ಅಮ್ಮಾ ಅಂತ ಕಿರುಚೋಕೆ ಶುರು. ಮೆರವಣಿಗೆಯ ದೈತ್ಯ ಗೊಂಬೆ ಕಾಲಿಟ್ಟು ಅವನನ್ನ ತುಳಿದುಕೊಂಡು ಹೋಗುತ್ತೆ. ವಿಷಸ್ ಇರೋ ಐದೂ ಸೆಷನ್ ಸೇರಿಸಿದ್ರೂ ಇಷ್ಟು ಭಯ ಹುಟ್ಟಲ್ಲ ನನಗೆ.

ಸುಮ್ನೆ ಬಂದೆ:
20 ಒಪ್ಪಿದೆ. 17 ಒಪ್ಪಲ್ಲ.

ಹಳೇ ಟೇಪು:
ತಡವಾಗಿ ಬಂದೆ, ಕ್ಷಮಿಸಿ. ಸಿಂಗಪುರದಲ್ಲಿದ್ದೇನೆ, ಇಲ್ಲಿ ಗಂಟೆ ಮುಂದೆ. ನಾನು 18ರ ಪಕ್ಷ.

ಕಥೆ ಗೊತ್ತಿಲ್ಲದವರಿಗೆ: ಫೇ ಹೆಸರಿಗೆ ಒಂದು ಪಾರ್ಸೆಲ್ ಬರುತ್ತೆ. ಸಾಲಗಾರರ ಕೆಲಸವೇ ಇರಬೇಕೆಂದು ಅವಳು ಪರಾರಿ. ಒಳಗಿರುವುದು ಒಂದು ಬೀಟಾಮ್ಯಾಕ್ಸ್ ವಿಡಿಯೋ ಟೇಪು. 2071ರಲ್ಲಿ ಅದನ್ನು ಹಾಕಿ ನೋಡಲು ಯಂತ್ರವೇ ಇಲ್ಲ. ಹಳೇ ವಸ್ತು ಕೂಡಿಡುವ ಒಬ್ಬನ ಅಂಗಡಿಗೆ ಹೋಗ್ತಾರೆ, ಚಿತ್ರ ಅಲುಗಾಡಿತು ಅಂತ ಸ್ಪೈಕ್ ಅದಕ್ಕೊಂದು ಒದ್ದು ಯಂತ್ರವನ್ನೇ ಕೆಡಿಸ್ತಾನೆ. ಕೊನೆಗೆ ಸ್ಪೈಕ್, ಜೆಟ್ ಇಬ್ಬರೂ ಭೂಮಿಗಿಳಿದು, ಪಾಳುಬಿದ್ದ ಕಟ್ಟಡದ ತಳದ ತನಕ ಇಳಿದು, ಬೆವರು ಸುರಿಸಿ ಒಂದು ಪ್ಲೇಯರ್ ಹೊತ್ತು ತರ್ತಾರೆ. ಟೇಪು ಹಾಕಲು ನೋಡಿದರೆ ಅಳತೆ ಹೊಂದಲ್ಲ. ತಂದದ್ದು ವಿ.ಎಚ್.ಎಸ್.

ನನ್ನ ವಯಸ್ಸಿನವರಿಗೆ ಇಲ್ಲಿ ನಗು ತಡೆಯೋದು ಕಷ್ಟ. ಸೋನಿಯ ಬೀಟಾಮ್ಯಾಕ್ಸ್ 1975ರದ್ದು, ಜೆವಿಸಿಯ ವಿ.ಎಚ್.ಎಸ್. ಮರುವರ್ಷ 1976ರದ್ದು. ಚಿತ್ರದ ಗುಣಮಟ್ಟ ಬೀಟಾದ್ದು ಮೇಲು ಅಂತ ವಾದಿಸುವವರು ಈಗಲೂ ಇದ್ದಾರೆ, ಗೆದ್ದದ್ದು ಮಾತ್ರ ವಿ.ಎಚ್.ಎಸ್. ನಮ್ಮೂರ ಕಡೆ ಮದುವೆ ಮನೆಯ ಕ್ಯಾಸೆಟ್ಟು, ರಾತ್ರಿಯಿಡೀ ಸಿನಿಮಾ ನೋಡಲು ಬಾಡಿಗೆಗೆ ತರುತ್ತಿದ್ದ ವಿಸಿಪಿ, ಎಲ್ಲ ಅದೇ. ಸೋನಿ ಬೀಟಾಮ್ಯಾಕ್ಸ್ ಯಂತ್ರ ತಯಾರಿಸೋದನ್ನ 2002ರಲ್ಲಿ ನಿಲ್ಲಿಸಿತು, ಖಾಲಿ ಟೇಪನ್ನ 2016ರಲ್ಲಿ. ಅಂದರೆ ಈ ಸೆಷನ್ ಮಾಡಿದ ಹೊತ್ತಿಗೆ ಬೀಟಾ ಇನ್ನೂ ಪೂರ್ತಿ ಸತ್ತಿರಲಿಲ್ಲ!

ಇಪ್ಪತ್ತು ನಿಮಿಷ ಈ ಹುಡುಗಾಟ ನಡೆದ ಮೇಲೆ ಸರಿಯಾದ ಪ್ಲೇಯರ್ ಮನೆ ಬಾಗಿಲಿಗೇ ಬರುತ್ತೆ. ಟೇಪಿನಲ್ಲಿ ಶಾಲಾ ಹುಡುಗಿ ಫೇ ಇದ್ದಾಳೆ. ಹತ್ತು ವರ್ಷ ಮುಂದಿನ ತನಗೇ ಕಾಗದ ಬರೆದ ಹಾಗೆ ಕ್ಯಾಮೆರಾ ಮುಂದೆ ನಿಂತು ಮಾತಾಡ್ತಾಳೆ, ಕೊನೆಗೆ ಕೈ ಎತ್ತಿ ಕುಣಿದು, 'ನನಗೆ ಜೈ' ಅಂತ ತನಗೇ ಹುರಿದುಂಬಿಸ್ತಾಳೆ. ನೋಡ್ತಾ ಕೂತ ಫೇಗೆ ಇದೊಂದೂ ನೆನಪಿಲ್ಲ. 54 ವರ್ಷ ಹೆಪ್ಪುಗಟ್ಟಿಸಿ ಮಲಗಿಸಿದ್ದರು ಅವಳನ್ನ. ಎದ್ದಾಗ ಕೈಯಲ್ಲಿ ಇದ್ದದ್ದು ಆಸ್ಪತ್ರೆಯ ಸಾಲ ಒಂದೇ.

ಟೇಪಿನಲ್ಲಿ ಕಾಣೋ ಸಿಂಹದ ತಲೆ, ಮೀನಿನ ಮೈಯ ಪ್ರತಿಮೆ ಇಲ್ಲಿಯ ಮರ್ಲಯನ್. ನೀರು ಉಗುಳುತ್ತಾ ನಿಂತಿದೆಯಲ್ಲ, ಅದೇ. 1972ರಲ್ಲಿ ನಿಲ್ಲಿಸಿದ್ದು. 1997ರಲ್ಲಿ ಎಸ್‌ಪ್ಲನೇಡ್ ಸೇತುವೆ ಕಟ್ಟಿದ ಮೇಲೆ ಸಮುದ್ರದ ಕಡೆಯಿಂದ ಮರೆಯಾಯಿತು ಅಂತ 2002ರಲ್ಲಿ ಈಗಿನ ಜಾಗಕ್ಕೆ ತಂದರು. ಅನಿಮೆ ಬಂದಾಗ ಅದು ಹಳೇ ಜಾಗದಲ್ಲೇ ಇತ್ತು. ಊರಿಂದ ನೆಂಟರು ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗ್ತೇನೆ. ಅವರು ಬಾಯಿಗೆ ನೀರು ಬೀಳೋ ಹಾಗೆ ಪೋಸು ಕೊಟ್ಟು ಫೋಟೋ ತೆಗೆಸ್ಕೊಳ್ತಾರೆ, ನನಗೆ ಮಾತ್ರ ಫೇ ನೆನಪಾಗ್ತಾಳೆ.

24ರಲ್ಲಿ ಅವಳು ಅಲ್ಲಿಗೆ ಬರ್ತಾಳೆ. ಸಹಪಾಠಿ ಸಿಗ್ತಾಳೆ, ಗಾಲಿಕುರ್ಚಿಯಲ್ಲಿ ಕೂತ ಅಜ್ಜಿಯಾಗಿ. ನೆನಪು ಒಂದೇ ಸಲ ನುಗ್ಗಿ ಬಂದಾಗ ಮನೆಗೆ ಓಡ್ತಾಳೆ. ದಿಬ್ಬ ಹತ್ತಿ ನೋಡಿದರೆ ಪಾಳು. ಒಂದು ಕೋಲು ತೆಗೆದುಕೊಂಡು ತನ್ನ ಮಂಚ ಇದ್ದ ಕಡೆ ನೆಲದ ಮೇಲೆ ಚೌಕಟ್ಟು ಎಳೆದು ಅದರೊಳಗೆ ಮಲಗ್ತಾಳೆ. ಫೇಡೆ ಪ್ರಿಯ ಅವರ ತತ್ತಿ, ಈ ಕೋಲಿನ ಗೆರೆ, ಎರಡೂ ಒಂದೇ ಸೆಷನ್‌ನಲ್ಲಿ.

ನಿಶಾಚರಿ:
ಹಳೇ ಟೇಪು ಸರ್ ಹೇಳಿದ ಮೇಲೆ ಒಂದು ವಿಷಯ ಸ್ಪಷ್ಟ ಆಯ್ತು. ಆ ಐದರ ಪಟ್ಟಿ ಸ್ಪೈಕ್‌ನ ಪಟ್ಟಿ, ಸರಣಿಯ ಪಟ್ಟಿ ಅಲ್ಲ. ಫೇಗೆ ಅವಳದ್ದೇ ಇದೆ: 15ರಲ್ಲಿ ಎಚ್ಚರಾಗಿ ವಕೀಲ ವಿಟ್ನಿಯ ಮೋಸಕ್ಕೆ ಬೀಳೋದು, 18, 24. ಜೆಟ್‌ಗೆ 10 ಮತ್ತು 16. 10ರಲ್ಲಿ ಬಿಟ್ಟುಹೋದವಳ ಗಡಿಯಾರ ವರ್ಷಗಟ್ಟಲೆ ಇಟ್ಟುಕೊಂಡವನು ಕೊನೆಗೆ ಗುರುಗ್ರಹದ ಉಪಗ್ರಹ ಗ್ಯಾನಿಮೀಡಿನ ನೀರಿಗೆ ಎಸೆಯೋದು. 16ರಲ್ಲಿ ತನ್ನ ಕೈ ಹೋದದ್ದು ಯಾರಿಂದ ಅಂತ ಗೊತ್ತಾಗೋದು. ಸ್ಪೈಕ್ ಒಬ್ಬನೇ ನಾಯಕ ಅಂತ ಯಾರು ಹೇಳಿದ್ದು?

ಜೆಟ್ ಹಳೇದನ್ನ ಎಸೆದು ಬರ್ತಾನೆ. ಫೇ ಹುಡುಕಿಕೊಂಡು ಹೋಗ್ತಾಳೆ, ಅಲ್ಲಿ ಏನೂ ಉಳಿದಿರಲ್ಲ. ಎಡ್‌ಗೆ ಅಪ್ಪ ಸಿಗ್ತಾನೆ, ಅವನೋ ಉಲ್ಕೆ ಬಿದ್ದು ಬಿದ್ದು ದಿನಾ ಬದಲಾಗೋ ಭೂಮಿಗೆ ನಕ್ಷೆ ಬರೆಯೋ ಮಹಾನುಭಾವ, ಮಗಳನ್ನ ಮತ್ತೆ ಮರೆತು ಓಡ್ತಾನೆ. ಸ್ಪೈಕ್ ಮಾತ್ರ ವಾಪಸ್ ಅಲ್ಲಿಗೇ ಹೋಗಿ ಸಾಯ್ತಾನೆ. ಉಳಿದ ಮೂವರದ್ದು ನೋಡದೆ ಹೋದ್ರೆ ಅವನ ತೀರ್ಮಾನ ಹೀರೋಯಿಸಂ ಥರ ಕಾಣುತ್ತೆ. ನೋಡಿದ್ರೆ ಹಠ ಅನ್ನಿಸುತ್ತೆ. 26ರಲ್ಲಿ ಅವನು ಹೊರಟಾಗ ಫೇ ಬಂದೂಕು ಚಾವಣಿಗೆ ಹಿಡಿದು ಹಾರಿಸ್ತಾಳಲ್ಲ, ಆ ಸಿಟ್ಟು ನನಗೆ ಅರ್ಥ ಆಗೋದು 24 ನೋಡಿದ್ದಕ್ಕೆ.

ಹೊಗಳಿಕೆ ಜಾಸ್ತಿ ಆಯ್ತು, ಒಂದು ಬೈಗುಳವೂ ಇರ್ಲಿ. ಇಷ್ಟು ಒಳ್ಳೆ ಪಾತ್ರಕ್ಕೆ ಆ ಬಟ್ಟೆ ಹಾಕಿಸಿ, ಕ್ಯಾಮೆರಾ ಎಲ್ಲೆಲ್ಲೋ ಇಡೋದು ಯಾಕೆ? ಮನೆಯವರ ಜೊತೆ ಕೂತು ನೋಡೋಕೆ ಮುಜುಗರ. ಜೂಲಿಯಾ ಅಂತೂ ಹೆಣ್ಣಲ್ಲ, ಮಳೆಯಲ್ಲಿ ನಿಂತ ಒಂದು ನೆನಪು ಅಷ್ಟೇ. ಅವಳಿಗೆ ಏನು ಇಷ್ಟ, ಏನು ಕೆಲಸ, ಏನೂ ಗೊತ್ತಾಗಲ್ಲ.

ಫೇಡೆ ಪ್ರಿಯ:
ಅಕ್ಕಾರ, ಜೂಲಿಯಾ ಬಗ್ಗೆ ಖರೇ ಹೇಳಿದ್ರಿ. ವಿಷಸ್‌ನೂ ಹಂಗ. ಬಾಹ್ಯಾಕಾಶದಾಗ ಕತ್ತಿ ಹಿಡ್ಕೊಂಡು ಭುಜದ ಮ್ಯಾಲ ಹಕ್ಕಿ ಕೂಡಿಸ್ಕೊಂಡು ಅಡ್ಡಾಡ್ತಾನ. ಯಾಕ ಅಂತ ಕೇಳಬ್ಯಾಡ್ರಿ.

ಗಗನಚುಕ್ಕಿ:
ಅದಕ್ಕೇ 2021ರ ಲೈವ್ ಆಕ್ಷನ್ (ನಿಜವಾದ ನಟರು ಮಾಡಿದ್ದು) ನೆನಪು ಮಾಡ್ಕೊಳ್ಳಿ. ನೆಟ್‌ಫ್ಲಿಕ್ಸ್‌ನವರು 10 ಎಪಿಸೋಡ್ ಮಾಡಿದ್ರು. ಇದೇ ಪಟ್ಟಿಯ ಮನಸ್ಸಿನವರು ಬರೆದ ಹಾಗೆ ವಿಷಸ್–ಜೂಲಿಯಾ ಕಥೆಯನ್ನ ಎಳೆದು ಎಳೆದು ಎಲ್ಲ ಕಡೆ ತುಂಬಿದ್ರು. ನವೆಂಬರ್ 19ಕ್ಕೆ ಬಂತು, ಮೂರು ವಾರದೊಳಗೆ, ಡಿಸೆಂಬರ್ 9ಕ್ಕೆ, ಮುಂದಿನ ಸೀಸನ್ ಇಲ್ಲ ಅಂತ ಸುದ್ದಿ ಬಂತು. ಮೂಲದಲ್ಲಿ ವಿಷಸ್ ಕೆಲಸ ಮಾಡೋದೇ ಅವನು ಕಡಿಮೆ ಇರೋದ್ರಿಂದ. ಅವನ ಮೇಲೆ ಬೆಳಕು ಬಿಟ್ರೆ ಒಳಗೆ ಏನೂ ಇಲ್ಲ ಅಂತ ಗೊತ್ತಾಗಿಬಿಡುತ್ತೆ. ಅದರಲ್ಲಿ ಸ್ಪೈಕ್ ಆದ ಜಾನ್ ಚೋ, ಜೆಟ್ ಆದ ಮುಸ್ತಫಾ ಶಕೀರ್ ಇಬ್ಬರೂ ಹಡಗಿನೊಳಗೆ ಸುಮ್ಮನೆ ಹರಟೆ ಹೊಡೆಯೋ ದೃಶ್ಯಗಳು ಚೆನ್ನಾಗಿದ್ವು, ಅದನ್ನೂ ಹೇಳಬೇಕು.

ಇನ್ನೊಂದು, ಯಾರೂ ಎತ್ತಿಲ್ಲ ಅಂತ ನಾನೇ ಎತ್ತುತ್ತೀನಿ. 19, 'ವೈಲ್ಡ್ ಹಾರ್ಸಸ್'. ಹಳೇ ಮೆಕ್ಯಾನಿಕ್ ಡೂಹನ್ ಹತ್ತಿರ ಸ್ಪೈಕ್ ತನ್ನ ಪುಟ್ಟ ನೌಕೆ ಸ್ವೋರ್ಡ್‌ಫಿಶ್ ರಿಪೇರಿಗೆ ಒಯ್ಯೋದು. ಮುದುಕನ ಶೆಡ್ಡಿನಲ್ಲಿ ಮುಚ್ಚಿಟ್ಟಿರೋ ವಾಹನ ಯಾವುದು ಗೊತ್ತಲ್ಲ, ನಾಸಾದ ಸ್ಪೇಸ್ ಶಟಲ್ ಕೊಲಂಬಿಯಾ. ಸ್ಪೈಕ್ ಮೇಲೆ ಸಿಕ್ಕಿಹಾಕಿಕೊಂಡಾಗ ಅದನ್ನೇ ಹಾರಿಸಿಕೊಂಡು ಹೋಗಿ, ಅವನನ್ನ ಹೊಟ್ಟೆಯೊಳಗೆ ಹಾಕಿಕೊಂಡು ಭೂಮಿಗೆ ಇಳಿಸ್ತಾನೆ. 1999ರಲ್ಲಿ ಪ್ರಸಾರವಾದದ್ದು. ಆಗ ಅದೊಂದು ಖುಷಿಯ ಸೆಷನ್ನು. 1981ರಲ್ಲಿ ಮೊದಲು ಹಾರಿದ ಶಟಲ್ 2071ರಲ್ಲೂ ಗಟ್ಟಿಯಾಗಿದೆ ಅನ್ನೋ ಅಭಿಮಾನ.

2003ರ ಫೆಬ್ರವರಿ 1ಕ್ಕೆ ಅದೇ ಕೊಲಂಬಿಯಾ, 16 ದಿನ ಮೇಲಿದ್ದು ವಾಪಸ್ ಬರುವಾಗ, ಇಳಿಯೋಕೆ ಇನ್ನು 16 ನಿಮಿಷ ಇದ್ದಾಗ ಚೂರಾಯಿತು. ಹೊರಡುವಾಗ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ಹೊದಿಕೆಯ ತುಂಡು ಎಡ ರೆಕ್ಕೆಗೆ ಬಡಿದು ಮಾಡಿದ್ದ ತೂತು ಕಾರಣ. ಒಳಗಿದ್ದ ಏಳು ಜನರಲ್ಲಿ ಕರ್ನಾಲ್‌ನ ಕಲ್ಪನಾ ಚಾವ್ಲಾ ಒಬ್ಬರು. ನಮ್ಮ ಇಸ್ರೋದ ಹವಾಮಾನದ ಮೆಟ್‌ಸ್ಯಾಟ್ ಉಪಗ್ರಹಕ್ಕೆ ಕಲ್ಪನಾ–1 ಅಂತ ಹೆಸರಿಟ್ಟದ್ದು ಆಗಲೇ. ಕರ್ನಾಟಕ ಸರ್ಕಾರವೂ ಯುವ ವಿಜ್ಞಾನಿ ಹೆಣ್ಣುಮಕ್ಕಳಿಗೆ ಅವರ ಹೆಸರಲ್ಲಿ ಪ್ರಶಸ್ತಿ ಇಟ್ಟಿತು. ಹಾಗಾಗಿ ನಮ್ಮ ಕಡೆಯವರು ಇವತ್ತು 19 ನೋಡಿದ್ರೆ, ಶಟಲ್ ವಾತಾವರಣದೊಳಗೆ ನುಗ್ಗೋ ಆ ಒಂದೆರಡು ನಿಮಿಷ, ಮಾಡಿದವರು ಅಂದುಕೊಂಡಿರದ ರೀತಿಯಲ್ಲಿ ಹಿಂಡುತ್ತೆ. ಡೂಹನ್ ಇಳಿಸ್ತಾನೆ ಅಂತ ಗೊತ್ತಿದ್ರೂ ನಾನು ಸೀಟಿನ ತುದಿಗೆ ಬಂದಿರ್ತೀನಿ.

ಬೈಟೂ ಕಾಫಿ:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಓದಿ ಪಟ್ಟಿ ಪಕ್ಕಕ್ಕಿಟ್ಟೆ. ಹೋದ ವಾರದಿಂದ ಸಾಲಾಗಿ ನೋಡ್ತಿದ್ದೀನಿ, ಈಗ 11ರಲ್ಲಿದ್ದೀನಿ. 6ರಲ್ಲಿ ಹಾರ್ಮೋನಿಕಾ ನುಡಿಸೋ ಹುಡುಗ ವೆನ್, ಅಂತರಿಕ್ಷದ ಗೇಟ್ (ಗ್ರಹಗಳ ನಡುವಿನ ದಾರಿ) ಸ್ಫೋಟದಿಂದ ವಯಸ್ಸೇ ಆಗದೆ ಉಳಿದವನು, ಅದು ಮನಸ್ಸಿಂದ ಹೋಗ್ತಿಲ್ಲ. 8ರ ರಾಕೋ ಕೂಡ. ಅವನ ತಂಗಿಗೆ ಕಣ್ಣು ಬರುತ್ತೆ, ನೋಡೋಕೆ ಅಣ್ಣ ಇರಲ್ಲ. 9ರಲ್ಲಿ ಒಂಟಿ ಉಪಗ್ರಹ ಬೇಜಾರಾಗಿ ಭೂಮಿ ಮೇಲೆ ಚಿತ್ರ ಕೊರೆಯೋದು ಸಖತ್.

11 ಮಾತ್ರ ಮೋಸ. ಊಟದ ತಟ್ಟೆ ಇಟ್ಕೊಂಡು ನೋಡ್ತಿದ್ದೆ. ಒಂದು ವರ್ಷದ ಹಿಂದೆ ಫ್ರಿಜ್ಜಿನಲ್ಲಿಟ್ಟು ಮರೆತ ಗ್ಯಾನಿಮೀಡ್ ಸೀಗಡಿ ಕೊಳೆತು ಜೀವ ಪಡೆದು ಎಲ್ಲರನ್ನೂ ಕಚ್ಚುತ್ತೆ ಅಂತ ಯಾರಾದ್ರೂ ಮುಂಚೆ ಹೇಳಬಾರದಾ!

ಕಡಲ ಕರೆ:
ಹೇಳಿದೆವಲ್ಲ ಮಾರಾಯ್ರೆ, ಫ್ರಿಜ್ಜು ಅಂತ ಇಬ್ಬರು ಹೇಳಿದ್ದೇವೆ. ಅಂದ ಹಾಗೆ ಆ ಕೆಂಪು ಪ್ರಾಣಿ ಸೀಗಡಿ ಅಲ್ಲ, ದೊಡ್ಡ ಜಾತಿ, ಲಾಬ್‌ಸ್ಟರು. ಕರಾವಳಿಯವನ ಎದುರು ಸೀಗಡಿ ಅನ್ನಬೇಡಿ. ಮುಂದಿನದು 12, 13 ಒಟ್ಟಿಗೆ ನೋಡಿ, ನಡುವೆ ಏಳಬೇಡಿ. 13ರ ಕೊನೆಗೆ ಎಂದಿನ ಹಾಡು ಬರುವುದಿಲ್ಲ, 'ಸ್ಪೇಸ್ ಲಯನ್' ಬರ್ತದೆ. ಸ್ಯಾಕ್ಸೋಫೋನಿನಲ್ಲಿ ಶುರುವಾಗಿ ಆಮೇಲೆ ದನಿಗಳು ಸೇರಿಕೊಳ್ತವೆ. ಸ್ಕಿಪ್ ಒತ್ತಿದರೆ ನನ್ನಾಣೆ.

ನಿಶಾಚರಿ:
23 ಬಗ್ಗೆ ಯಾರೂ ಬರೆದಿಲ್ಲ. ಟೀವಿ ಮೂಲಕ ಭಕ್ತರನ್ನ ಸೆಳೆಯೋ ಪಂಥ, ದೇಹ ಬಿಟ್ಟು ನೆಟ್‌ವರ್ಕಿಗೆ ಬನ್ನಿ ಅನ್ನೋ ಗುರು. ಆ ಗುರು ನಿಜಕ್ಕೂ ಯಾರು ಅಂತ ನಾನು ಹೇಳಲ್ಲ. ಆದ್ರೆ 1999ರಲ್ಲಿ ಇದನ್ನ ಬರೆದವರು ಇವತ್ತಿನ ನಮ್ಮ ಫೋನ್ ನೋಡಿದ್ರೆ ಹೊಸದೇನಿದೆ ಅಂತ ಕೇಳ್ತಾರೆ.

ಹಳೇ ಟೇಪು:
ಒಂದು ಸಣ್ಣ ಮಾಹಿತಿ. ಈ ಸರಣಿ ಹುಟ್ಟಿದ್ದೇ ಆಟಿಕೆ ಮಾರೋ ಯೋಚನೆಯಿಂದ. ಬಂಡಾಯ್‌ನ ಆಟಿಕೆ ವಿಭಾಗದವರು ದುಡ್ಡು ಹಾಕುವಾಗ ವಾಟನಬೆಗೆ ಹೇಳಿದ್ದು ಒಂದೇ: ಅಂತರಿಕ್ಷ ನೌಕೆ ಇರಲಿ, ಉಳಿದದ್ದು ನಿಮ್ಮಿಷ್ಟ. ಮೊದಲ ತುಣುಕು ನೋಡಿದ ಮೇಲೆ ಇದರಿಂದ ಮಕ್ಕಳಿಗೆ ಆಟಿಕೆ ಮಾರೋಕಾಗಲ್ಲ ಅಂತ ಕೈ ಬಿಟ್ಟರು. ಆಮೇಲೆ ಅದೇ ಬಳಗದ ವಿಡಿಯೋ ಕಂಪನಿ ಬಂಡಾಯ್ ವಿಷುವಲ್ ಕೈ ಹಿಡಿದದ್ದು. ಸಿಗರೇಟು ಸೇದಿಕೊಂಡು, ಹಸಿದುಕೊಂಡು, ಸಾಲ ಮಾಡಿಕೊಂಡು ಓಡಾಡೋ ನಾಯಕನ ಗೊಂಬೆ ಯಾವ ಅಪ್ಪ ಅಮ್ಮ ಕೊಡಿಸ್ತಾರೆ ಹೇಳಿ.

ಸುಮ್ನೆ ಬಂದೆ:
ನಿನ್ನೆ 18, 24 ನೋಡಿದೆ. ನಿಮ್ಮೆಲ್ಲರ ಕಾಟಕ್ಕೆ. 24 ನನ್ನ ಪಟ್ಟಿಗೆ ಸೇರಿಸ್ತೀನಿ. ಐದು ಹೋಗಿ ಏಳು ಆಯ್ತು. 17 ಇನ್ನೂ ಇಲ್ಲ.

ಫೇಡೆ ಪ್ರಿಯ:
ಏಳು ಆತಂದ್ರ ಹದಿನೇಳೂ ಆಗ್ತೈತಿ ಬಿಡ್ರಿ, ಗಡಿಬಿಡಿ ಇಲ್ಲ.

ಬೈಟೂ ಕಾಫಿ:
ಕೊನೇ ಪ್ರಶ್ನೆ. ಒಂದು ಸಿನಿಮಾನೂ ಇದೆಯಂತೆ. ಅದನ್ನ ಯಾವಾಗ ನೋಡೋದು, ಎಲ್ಲ ಮುಗಿದ ಮೇಲಾ? ಮತ್ತೆ ಜಪಾನಿ ಆಡಿಯೋನಾ, ಇಂಗ್ಲಿಷ್ ಡಬ್ಬಾ?

ಗಗನಚುಕ್ಕಿ:
ಸಿನಿಮಾ 2001ರ ಸೆಪ್ಟೆಂಬರ್ 1ಕ್ಕೆ ಜಪಾನಿನಲ್ಲಿ ಬಿಡುಗಡೆ ಆದದ್ದು. ಕಥೆಯ ಕಾಲ 22ಕ್ಕೂ 23ಕ್ಕೂ ನಡುವೆ. ಮಂಗಳ ಗ್ರಹದ ಊರು, ಹ್ಯಾಲೋವೀನ್ ಹಬ್ಬದ ಹೊತ್ತು, ಐವರೂ ಹಡಗಿನಲ್ಲೇ ಇದ್ದಾರೆ. ಕೆಲವರು 22 ಮುಗಿಸಿ ಅಲ್ಲೇ ಸಿನಿಮಾ ನೋಡಿ ಮುಂದಕ್ಕೆ ಹೋಗ್ತಾರೆ. ನನ್ನ ಸಲಹೆ ಬೇರೆ. 26 ಮುಗಿಸಿ, ಒಂದು ವಾರ ಬಿಟ್ಟು ನೋಡಿ. ಇನ್ನೂ ಎರಡು ಗಂಟೆ ಎಲ್ಲರೂ ಒಟ್ಟಿಗಿರೋದು ನೋಡೋಕೆ ಸಿಗುತ್ತೆ, ಆಗ ಅದರ ರುಚಿಯೇ ಬೇರೆ.

ಆಡಿಯೋ ವಿಷಯ: ಜಪಾನಿಯಲ್ಲಿ ಸ್ಪೈಕ್‌ಗೆ ಕೋಯಿಚಿ ಯಾಮಾದೆರಾ, ಇಂಗ್ಲಿಷ್‌ನಲ್ಲಿ ಸ್ಟೀವ್ ಬ್ಲಮ್. ಎರಡೂ ಒಳ್ಳೇದೇ. ಇದಕ್ಕಿಂತ ಹೆಚ್ಚು ನಾನು ಬಾಯಿ ಬಿಡಲ್ಲ. ಡಬ್ಬಾ ಸಬ್ಬಾ ಅನ್ನೋ ಜಗಳ ಆಡೋರು ದಯವಿಟ್ಟು ಬೇರೆ ಎಳೆ ಶುರು ಮಾಡ್ಕೊಳ್ಳಿ, ಇಲ್ಲಿ 17ರದ್ದೇ ಇನ್ನೂ ಇತ್ಯರ್ಥ ಆಗಿಲ್ಲ.